ಸಿಸ್ಟೀನ್ ಆರ್. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ

ಎಲ್-ಸಿಸ್ಟೀನ್ ಅಂತ ಒಂದು ಅಮೈನೋ ಆಸಿಡ್, ಅಂದ್ರೆ ಪ್ರೋಟೀನ್ ಕಟ್ಟೋ ಅಣು. ಎಡಗೈ ಬಲಗೈ ಥರ ಕನ್ನಡಿ ಜೋಡಿಯಾಗಿರೋ ಅಣುಗಳನ್ನು ಗುರುತಿಸೋಕೆ ಕೆಮಿಸ್ಟ್ರಿಯಲ್ಲಿ ಆರ್, ಎಸ್ ಅಂತ ಹೆಸರಿಡ್ತಾರೆ. ಇದು ಆರ್ ಅಂತ ನಾನು, ಎಸ್ ಅಂತ ನಮ್ಮ ಸರ್. ಎರಡು ಮಾರ್ಕ್ಸ್ ಹೋಗಿದ್ದಕ್ಕೆ ಬೇಜಾರಿಲ್ಲ. ಇಂಟರ್ನಲ್ಸ್ ತಾನೆ, ಹೋಗಲಿ. ಆದ್ರೆ ಸರ್ ಇಡೀ ಕ್ಲಾಸ್ ಮುಂದೆ ಹಾಗೆ ಮಾಡಬೇಕಿತ್ತಾ? ತೀರ್ಥಹಳ್ಳಿ ಬಸ್ ಹತ್ತಿ ಕೂತಿದ್ದೇನೆ, ಗಾಜನೂರು ದಾಟಿದರೂ ಕಿವಿ ಬಿಸಿ ಇಳಿದಿಲ್ಲ.

"ಸರ್, ಎಲ್-ಸಿಸ್ಟೀನ್ ಆರ್ ಬರುತ್ತೆ ಅಲ್ವಾ?" ಅಂತ ಮೆತ್ತಗೇ ಕೇಳಿದ್ದು. ಚಾಕ್‌ಪೀಸ್ ಕೈಗಿಟ್ಟು "ಬಾಮ್ಮ, ನೀನೇ ಪಾಠ ಮಾಡು" ಅಂದರು. ಬರೆದೆ. ನಡುವೆ ಕಾರ್ಬನ್, ಅದರ ಸುತ್ತ ನಾಲ್ಕು ಗುಂಪು: ಮೇಲೆ ಸಿಓಓಎಚ್, ಕೆಳಗೆ ಸಿಎಚ್‌ಟು-ಎಸ್‌ಎಚ್, ಎಡಕ್ಕೆ ಎನ್‌ಎಚ್‌ಟು, ಬಲಕ್ಕೆ ಹೈಡ್ರೋಜನ್. ಯಾವ ಗುಂಪು ಮೊದಲು ಅಂತ ನಂಬರ್ ಕೊಡಬೇಕಲ್ಲ, ಎನ್‌ಎಚ್‌ಟು ಪಕ್ಕ ಒಂದು ಅಂತ ಹಾಕಿದೆ. ಸಲ್ಫರ್ ಇರೋ ಗುಂಪಿಗೆ ಎರಡು ಅಂತ ಹಾಕುವಷ್ಟರಲ್ಲಿ ಡಸ್ಟರ್ ಬಂತು. ನನ್ನ ಕೈ ಇನ್ನೂ ಬೋರ್ಡ್ ಮೇಲೇ ಇತ್ತು. ಬೆರಳ ಮೇಲೇ ಒರೆಸಿಕೊಂಡು ಹೋದರು. "ಎಲ್ ಅಮೈನೋ ಆಸಿಡ್ ಎಲ್ಲಾ ಎಸ್. ಅಷ್ಟೂ ಗೊತ್ತಿಲ್ಲ, ವಾದಕ್ಕೆ ಬರ್ತಾಳೆ." ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ತೋಳಿನ ತನಕ ಚಾಕ್ ಪುಡಿ. ಹಾಗೇ ಬಂದು ಕೂತೆ.

ಮುಗಿಸೋಕಾದ್ರೂ ಬಿಡಬಾರದಾ? ಹೀಗೆ ನಂಬರ್ ಕೊಡೋದು ನಾನು ಮಾಡಿದ ನಿಯಮ ಅಲ್ಲ. ಕಾನ್, ಇನ್‌ಗೋಲ್ಡ್, ಪ್ರೆಲಾಗ್ ಅನ್ನೋ ಮೂವರು ವಿಜ್ಞಾನಿಗಳು ಮಾಡಿದ್ದು. ಪ್ರೆಲಾಗ್‌ಗೆ 1975ರಲ್ಲಿ ನೊಬೆಲ್ ಕೂಡ ಬಂತು. ಅಟಾಮಿಕ್ ನಂಬರ್ ಜಾಸ್ತಿ ಇರೋದು ಮೊದಲು. ನಡುವಿನ ಕಾರ್ಬನ್‌ಗೆ ನೇರ ಅಂಟಿರೋದನ್ನು ಮೊದಲು ನೋಡಬೇಕು, ಅಲ್ಲಿ ನೈಟ್ರೋಜನ್ ಗೆಲ್ಲುತ್ತೆ. ಮೇಲೂ ಕೆಳಗೂ ಇರೋದು ಕಾರ್ಬನ್ನೇ, ಹಾಗಾಗಿ ಅದರಾಚೆ ಏನಿದೆ ಅಂತ ನೋಡಬೇಕು. ಸಲ್ಫರ್ 16, ಆಕ್ಸಿಜನ್ 8. ಸಿಓಓಎಚ್‌ನಲ್ಲಿ ಡಬಲ್ ಬಾಂಡ್ ಸೇರಿಸಿ ಮೂರು ಆಕ್ಸಿಜನ್ ಲೆಕ್ಕ ಬಂದರೂ ಅದನ್ನು ಕೂಡಿಸೋ ಹಾಗಿಲ್ಲ. ಒಂದೊಂದಾಗಿ ಹೋಲಿಸಬೇಕು, ಮೊದಲನೇದರಲ್ಲೇ ಸಲ್ಫರ್ ಗೆಲ್ಲುತ್ತೆ. ಎಡದಿಂದ ಕೆಳಗೆ, ಕೆಳಗಿಂದ ಮೇಲೆ ಹೋದರೆ ಗಡಿಯಾರಕ್ಕೆ ಉಲ್ಟಾ, ಅಂದ್ರೆ ಎಸ್ ಅನ್ನಿಸುತ್ತೆ. ಆದ್ರೆ ಕೊನೇ ನಂಬರಿನ ಗುಂಪು ಹಿಂದಕ್ಕಿರಬೇಕು. ಇಲ್ಲಿ ಆ ಹೈಡ್ರೋಜನ್ ಅಡ್ಡಗೆರೆ ಮೇಲಿದೆ, ಅಂದ್ರೆ ನಮ್ಮ ಕಡೆಗೆ ಚಾಚಿದೆ. ಹಾಗಾಗಿ ಉತ್ತರ ತಿರುಗಿಸಬೇಕು. ಆರ್! ಅದೇ ಚಿತ್ರದಲ್ಲಿ ಸಲ್ಫರ್ ತೆಗೆದು ಆಕ್ಸಿಜನ್ ಇಡಿ, ಸೆರೀನ್ ಅನ್ನೋ ಇನ್ನೊಂದು ಅಮೈನೋ ಆಸಿಡ್ ಆಗುತ್ತೆ, ಆಗ ಎಸ್. ಅಣು ಕೈ ಬದಲಿಸಿಲ್ಲ, ಸಾಲಿನಲ್ಲಿ ಮುಂದೆ ನಿಲ್ಲೋರು ಬದಲಾದರು ಅಷ್ಟೇ. ಎಷ್ಟು ಚೆಂದ ಇದೆ ಇದು! ಇದನ್ನೇ ಹೇಳೋಕೆ ಹೊರಟಿದ್ದೆ.

"ಸುಮ್ನಿರೇ ಮಾರಾಯ್ತಿ, ಪ್ರಾಕ್ಟಿಕಲ್ ಮಾರ್ಕ್ಸ್ ಅವರ ಕೈಲೇ ಇದೆ" ಅಂತಾಳೆ ಗೆಳತಿ. ಸರಿ, ಸುಮ್ಮನಿರುತ್ತೇನೆ. ಯಾರ ಹತ್ತಿರ ಅಂತ ಹೇಳಿಕೊಳ್ಳೋದು? ಎಸ್ ಅಂತಲೇ ಬರೆದು ಪಾಸಾಗೋದು.

ಇಲ್ಲ, ಆಗಲ್ಲ ನನ್ನ ಕೈಲಿ. ತಪ್ಪು ಅಂತ ಗೊತ್ತಿದ್ದೂ ಹೇಗೆ ಬರೆಯಲಿ? ಇಲ್ಲಿ ಕೆಮಿಸ್ಟ್ರಿ ಪಾಠ ಮಾಡೋರು ಯಾರಾದ್ರೂ ಇದ್ದರೆ ದಯವಿಟ್ಟು ಉತ್ತರ ಕೊಡಿ. ಎಲ್-ಸಿಸ್ಟೀನ್ ಆರಾ, ಎಸ್ಸಾ? ಬಾಯಿಬಿಟ್ಟು ಒಂದು ಅಕ್ಷರ ಹೇಳಿ ಸಾಕು.