ಹನ್ನಿಬಲನ ಹೆಸರಿನ ರಂಗಮಂದಿರ: ಆಫ್ರಿಕಾದ ರೋಮನ್ ಊರುಗಳು ಯಾರವು?

ಲಿಬಿಯಾದ ಕರಾವಳಿಯಲ್ಲಿ ಲೆಪ್ಟಿಸ್ ಮ್ಯಾಗ್ನಾ ಎಂಬ ಹಾಳೂರು ಇದೆ. ಅಲ್ಲಿನ ರಂಗಮಂದಿರದ ಕಲ್ಲಿನ ಮೇಲೆ ಅದನ್ನು ಕಟ್ಟಿಸಿದವನ ಹೆಸರನ್ನು ಎರಡು ಭಾಷೆಗಳಲ್ಲಿ ಕೆತ್ತಿದ್ದಾರೆ, ಒಂದು ಲ್ಯಾಟಿನ್, ಇನ್ನೊಂದು ಕಾರ್ತೇಜ್‌ನವರ ಭಾಷೆ ಪ್ಯೂನಿಕ್. ಕಾಲ ಕ್ರಿ.ಶ. 1-2. ಹೆಸರು ಅನ್ನೋಬಲ್ ತಪಾಪಿಯಸ್ ರೂಫಸ್. ಅನ್ನೋಬಲ್ ಅಂದರೆ ಬೇರೇನಲ್ಲ, ಹನ್ನಿಬಲ್. ಆನೆಗಳ ಸಮೇತ ಆಲ್ಪ್ಸ್ ದಾಟಿ ರೋಮಿನ ನಿದ್ದೆಗೆಡಿಸಿದವನ ಹೆಸರು, ಇನ್ನೂರು ವರ್ಷದ ಮೇಲೆ, ಚಕ್ರವರ್ತಿ ಆಗಸ್ಟಸ್‌ನ ಹೆಸರಿರುವ ಕಲ್ಲಿನಲ್ಲೇ ಕೂತಿದೆ. ನಡುವೆ ಕ್ರಿ.ಪೂ. 146ರಲ್ಲಿ ರೋಮನ್ನರು ಹನ್ನಿಬಲನ ಊರಾದ ಕಾರ್ತೇಜ್ ನಗರವನ್ನು ಸುಟ್ಟು ನೆಲಸಮ ಮಾಡಿದ್ದೂ ಆಗಿಹೋಗಿತ್ತು.

ಈಗಿನ ಟ್ಯುನೀಸಿಯಾ, ಅದಕ್ಕೆ ಅಂಟಿದ ಅಲ್ಜೀರಿಯಾದ ಪೂರ್ವಭಾಗ, ಲಿಬಿಯಾದ ಪಶ್ಚಿಮದ ಕರಾವಳಿ, ಇಷ್ಟನ್ನು ರೋಮನ್ನರು ಆಫ್ರಿಕಾ ಎನ್ನುತ್ತಿದ್ದರು. ಅಲ್ಲಿ ನೂರಾರು ಊರುಗಳೆದ್ದವು, ಚೌಕ, ಸ್ನಾನಗೃಹ, ರಂಗಮಂದಿರಗಳ ಸಮೇತ. ಆ ಊರುಗಳು ಅಲ್ಲಿನ ಜನರವೇ, ಅಥವಾ ಅವರ ನೆಲದ ಮೇಲೆ ಬಂದು ಕೂತವೇ? ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ಒಂದು ಕಡೆ ಸ್ವಲ್ಪ ಉದ್ದವಾಯಿತು. ನನ್ನ ಒಲವು ಎತ್ತ ಎಂದು ಅಲ್ಲೇ ತಿಳಿಯುತ್ತದೆ.

ಪರ: ಹೌದು, ಅವು ಅಲ್ಲಿಯವರದೇ ಊರುಗಳು

ಮೊದಲು ಸೈನ್ಯದ ಲೆಕ್ಕ ನೋಡಿ. ಇಷ್ಟು ದೊಡ್ಡ ಸೀಮೆಗೆ ರೋಮ್ ಇಟ್ಟಿದ್ದು ಒಂದೇ ಒಂದು ಲೀಜನ್, ಅಂದರೆ ಸೈನ್ಯದ ಒಂದು ದೊಡ್ಡ ದಳ, ಮೂರನೆಯ ಅಗಸ್ಟಾ. ಹೆಚ್ಚೆಂದರೆ ಐದಾರು ಸಾವಿರ ಸಿಪಾಯಿಗಳು. ಅಷ್ಟು ಜನ ಕತ್ತಿ ಹಿಡಿದು ನಿಂತು ನೂರಾರು ಊರುಗಳಲ್ಲಿ ಕಂಬ ನಿಲ್ಲಿಸಿ, ಕಾಲುವೆ ತೋಡಿಸಿ, ಹಬ್ಬ ಮಾಡಿಸಲು ಆಗುತ್ತದೆಯೇ? ಊರವರಿಗೇ ಬೇಕೆನಿಸಿತ್ತು, ಕಟ್ಟಿದರು. ದುಡ್ಡೂ ಅವರದೇ. ಈ ಊರುಗಳಲ್ಲಿ ಅಧಿಕಾರಕ್ಕೆ ಬಂದವನು ಸಂಬಳ ತೆಗೆದುಕೊಳ್ಳುತ್ತಿರಲಿಲ್ಲ, ತಾನೇ ಊರಿಗೆ ಕಟ್ಟಬೇಕಿತ್ತು. ಅದರ ಮೇಲೆ ಒಂದು ಗುಡಿಯೋ ಕಮಾನೋ ಕಟ್ಟಿಸದಿದ್ದರೆ ಮರ್ಯಾದೆ ಉಳಿಯುತ್ತಿರಲಿಲ್ಲ.

ಲೆಪ್ಟಿಸ್ಸನ್ನೇ ತೆಗೆದುಕೊಳ್ಳಿ. ರೋಮ್ ಆಳ್ವಿಕೆ ಬಂದ ಮೇಲೂ ತಲೆಮಾರುಗಳ ಕಾಲ ಊರಿನ ಮುಖ್ಯಸ್ಥರನ್ನು ಸುಫೆಸ್ ಎಂದೇ ಕರೆದರು. ಅದು ಕಾರ್ತೇಜ್ ಕಾಲದ ಪದವಿ. ರಂಗಮಂದಿರಕ್ಕೂ ಮೊದಲು, ಕ್ರಿ.ಪೂ. 8ರ ಹೊತ್ತಿಗೆ, ಇದೇ ಅನ್ನೋಬಲ್ ಊರಿಗೆ ಮಾರುಕಟ್ಟೆ ಕಟ್ಟಿಸಿದ್ದ. ಅಲ್ಲಿ ಸಿಕ್ಕ ಒಂದು ಅಳತೆಗಲ್ಲಿನ ಮೇಲೆ ಮೂರು ಉದ್ದಗಳನ್ನು ಗೀರಿದ್ದಾರೆ: ಪ್ಯೂನಿಕ್ ಮೊಳ, ರೋಮನ್ ಅಡಿ, ಈಜಿಪ್ಟಿನ ಮೊಳ. ಬಟ್ಟೆ ಕೊಳ್ಳಲು ಬಂದವನು ತನ್ನ ಅಜ್ಜನ ಅಳತೆಯಲ್ಲೇ ವ್ಯಾಪಾರ ಮಾಡಬಹುದಿತ್ತು. ಹೇರಿಕೆ ಹೀಗಿರುವುದಿಲ್ಲ.

ಟ್ಯುನೀಸಿಯಾದ ಗುಡ್ಡದ ಮೇಲಿರುವ ದುಗ್ಗಾ ಇನ್ನೂ ಚೆನ್ನಾಗಿ ಮಾತಾಡುತ್ತದೆ. ಅಲ್ಲಿ ಚದುರಂಗದ ಮಣೆಯಂಥ ರೋಮನ್ ಬೀದಿಗಳಿಲ್ಲ. ರೋಮನ್ನರಿಗೂ ಮುಂಚಿನ ಸ್ಥಳೀಯರಾದ ನುಮಿಡಿಯನ್ನರ ಹಳೆಯ ಊರಿನ ಓಣಿಗಳೇ ಸುತ್ತಿ ಬಳಸಿ ಹೋಗುತ್ತವೆ, ರೋಮನ್ ಕಟ್ಟಡಗಳು ಸಂದಿಯಲ್ಲಿ ಜಾಗ ಮಾಡಿಕೊಂಡು ನಿಂತಿವೆ. ಪ್ಯೂನಿಕ್ ದೇವರು ಬಾಲ್ ಹಮ್ಮೋನ್ ಇದ್ದ ಜಾಗದಲ್ಲೇ 195ರಲ್ಲಿ ಸ್ಯಾಟರ್ನ್ ಗುಡಿ ಎದ್ದಿತು. ದೇವರ ಹೆಸರು ಲ್ಯಾಟಿನ್ ಆಯಿತು, ಗದ್ದುಗೆ ಅದೇ, ಭಕ್ತರೂ ಅವರೇ. 168-169ರಲ್ಲಿ ರಂಗಮಂದಿರ ಕಟ್ಟಿಸಿದ್ದು ಮಾರ್ಸಿಯಸ್ ಮನೆತನದ ಒಬ್ಬ. ಅದೇ ಮನೆತನದ ಇನ್ನಿಬ್ಬರು ಅದಕ್ಕೆ ಒಂದೆರಡು ವರ್ಷ ಮುಂಚೆ ದೊಡ್ಡ ಗುಡಿ ಕಟ್ಟಿಸಿದ್ದರು. ಊರಿನೊಳಗಿನ ಮೇಲಾಟ, ಅಷ್ಟೆ. ಚಕ್ರವರ್ತಿಗೆ ಇದರಲ್ಲಿ ಕೆಲಸವೇ ಇರಲಿಲ್ಲ.

ಸ್ಮಿರಾತ್ ಎಂಬಲ್ಲಿ ಸಿಕ್ಕ ಮೊಸಾಯಿಕ್ ನೆಲಚಿತ್ರವೊಂದನ್ನು ನೆನೆಯದೆ ಮುಂದೆ ಹೋಗಲಾರೆ. ಮಗೇರಿಯಸ್ ಎಂಬ ಸಿರಿವಂತ ಊರ ಜನಕ್ಕೆ ಚಿರತೆ ಬೇಟೆಯ ಆಟ ಏರ್ಪಡಿಸಿದ್ದಾನೆ. ಚಿರತೆಗಳಿಗೂ ಹೆಸರುಗಳಿವೆ, ಒಂದರ ಹೆಸರು ರೊಮಾನಸ್! ಬೇಟೆಗಾರರ ತಂಡ ಕೇಳಿದ್ದು ಚಿರತೆಗೆ 500 ದಿನಾರಿ (ರೋಮನ್ ಬೆಳ್ಳಿ ನಾಣ್ಯ). ಜನ ಮಗೇರಿಯಸ್‌ನ ಹೆಸರು ಕೂಗುತ್ತಾರೆ. ತಟ್ಟೆಯಲ್ಲಿ ಬಂದ ಚೀಲಗಳ ಮೇಲೆ 1000ದ ಗುರುತಿದೆ. ಜನರ ಕೂಗನ್ನೂ ಚಿತ್ರದ ನಡುವೆ ಅಕ್ಷರದಲ್ಲಿ ಬರೆಸಿದ್ದಾನೆ. ಊರ ಗೌಡರಿಗೆ ಜಾತ್ರೆಯ ಖರ್ಚು ಹೊರಿಸುವ ಜನ ಎಲ್ಲ ಕಾಲದಲ್ಲೂ ಇದ್ದಾರೆ. ಹಾಗೆ ಹೊರಿಸಬಲ್ಲ ಜನಕ್ಕೆ ಊರಿನ ಮೇಲೆ ಹಕ್ಕಿರಲಿಲ್ಲ ಎನ್ನುವುದು ಹೇಗೆ?

ಬರೀ ಸಿರಿವಂತರ ಮಾತಾಯಿತಲ್ಲ ಎನ್ನುತ್ತೀರಾ? ಮಕ್ತಾರ್ ಊರಿನ ಸಮಾಧಿಗಲ್ಲೊಂದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ, 3ನೇ ಶತಮಾನದ್ದು. ಅದರಲ್ಲಿ ಒಬ್ಬ ಕೂಲಿಯವನು ತನ್ನ ಬದುಕನ್ನು ಲ್ಯಾಟಿನ್ ಪದ್ಯದಲ್ಲಿ ಹೇಳಿಕೊಂಡಿದ್ದಾನೆ. ಬಡವರ ಮನೆಯಲ್ಲಿ ಹುಟ್ಟಿದೆ, ಅಪ್ಪನಿಗೆ ಮನೆಯೂ ಇರಲಿಲ್ಲ, ಹನ್ನೆರಡು ಸುಗ್ಗಿ ಉರಿಬಿಸಿಲಲ್ಲಿ ಬೆಳೆ ಕೊಯ್ದೆ, ಆಮೇಲೆ ಹನ್ನೊಂದು ವರ್ಷ ಕೊಯ್ಲಿನ ಗುಂಪುಗಳಿಗೆ ಮೇಸ್ತ್ರಿಯಾದೆ, ಮನೆ ಕಟ್ಟಿದೆ, ಕೊನೆಗೆ ಊರಿನ ಸಭೆಯಲ್ಲಿ ಕೂತೆ. ಇನ್ನು ಲೆಪ್ಟಿಸ್‌ನಲ್ಲಿ 145ರಲ್ಲಿ ಹುಟ್ಟಿದ ಸೆಪ್ಟಿಮಿಯಸ್ ಸೆವೆರಸ್ 193ರಲ್ಲಿ ರೋಮಿನ ಚಕ್ರವರ್ತಿಯೇ ಆದ. ಅವನ ಅಜ್ಜ ಅದೇ ಊರಿನ ಸುಫೆಸ್ ಆಗಿದ್ದವನು. ಮೂರನೆಯ ತಲೆಮಾರಿಗೆ ರೋಮೇ ಆಫ್ರಿಕನ್ನನ ಕೈಗೆ ಬಂತು. ಯಾರು ಯಾರನ್ನು ಗೆದ್ದರು?

ವಿರೋಧ: ಇಲ್ಲ, ಊರಿನ ಮೇಲ್ತುದಿ ಮಾತ್ರ ಅವರದು

ಆ ಮೂರು ಅಳತೆಯ ಕಲ್ಲು ನನಗೂ ಇಷ್ಟ. ಆದರೆ ಅದರ ಮೇಲೆ ಅಳೆದ ಸರಕು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬೇಕಲ್ಲ.

ಕ್ರಿ.ಪೂ. 46ರಲ್ಲಿ ಜೂಲಿಯಸ್ ಸೀಸರ್ ತನ್ನ ಶತ್ರುಗಳ ಪರ ನಿಂತದ್ದಕ್ಕೆ ಲೆಪ್ಟಿಸ್‌ಗೆ ದಂಡ ಹಾಕಿದ: ವರ್ಷಕ್ಕೆ 30 ಲಕ್ಷ ಪೌಂಡ್ ಆಲಿವ್ ಎಣ್ಣೆ. ಊರು ಕಟ್ಟಿತು ಎನ್ನುತ್ತಾರೆ. ಊರು ಗಾಣ ತಿರುಗಿಸುವುದಿಲ್ಲ. ಕ್ರಿ.ಶ. 1ನೇ ಶತಮಾನದ ಹೊತ್ತಿಗೆ ರೋಮ್ ನಗರದ ಜನಕ್ಕೆ ವರ್ಷದಲ್ಲಿ ಎಂಟು ತಿಂಗಳ ಕಾಳು ಆಫ್ರಿಕಾದಿಂದಲೇ ಹೋಗುತ್ತದೆ ಎಂದು ಯಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅದೇ ಶತಮಾನದ ರೋಮನ್ ಲೇಖಕ ಪ್ಲಿನಿ ಹೇಳುವಂತೆ, ಆರೇ ಆರು ಭೂಮಾಲೀಕರ ಕೈಯಲ್ಲಿ ಅರ್ಧ ಆಫ್ರಿಕಾ ಇತ್ತು. ನೀರೋ ಚಕ್ರವರ್ತಿ ಆ ಆರು ಜನರನ್ನು ಕೊಲ್ಲಿಸಿದ. ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರಬಹುದು. ನೆಲ ಉತ್ತವನಿಗೆ ಹಂಚಿಹೋಗಿರಲಿಲ್ಲ ಎಂಬುದು ಮಾತ್ರ ಖಚಿತ.

ಒಂದೇ ಲೀಜನ್ ಎಂಬ ವಾದಕ್ಕೂ ಉತ್ತರ ಇದೆ. ಕ್ರಿ.ಶ. 14ರಲ್ಲಿ ಆ ಒಂದು ಲೀಜನ್ ತನ್ನ ಪಾಳೆಯದಿಂದ ಕಡಲತನಕ ರಸ್ತೆ ಹಾಕಿತು. ಮೂರು ವರ್ಷಕ್ಕೆ, 17ರಲ್ಲಿ, ರೋಮ್ ಸೈನ್ಯದಲ್ಲೇ ದುಡಿದು ಓಡಿಬಂದಿದ್ದ ತಕ್ಫರಿನಾಸ್ ಎಂಬವನ ಹಿಂದೆ ಮುಸುಲಾಮಿ ಜನ ದಂಗೆ ಎದ್ದರು. ಅವನು ಕೇಳಿದ್ದು ನೆಲ. ಏಳು ವರ್ಷ ಕಾದಾಡಿ 24ರಲ್ಲಿ ಸತ್ತ. ಆಮೇಲೆ ಅಳತೆಗಾರರು ಬಂದರು. ಹುಲ್ಲುಗಾವಲಿಗೆ ಹಗ್ಗ ಹಿಡಿದರು, ಗಡಿಕಲ್ಲು ನೆಟ್ಟರು. ದನ ಕುರಿ ಹೊಡೆದುಕೊಂಡು ಋತುವಿಗೊಂದು ಕಡೆ ಹೋಗುವವರ ದಾರಿಗೆ ಗಡಿ ಬಿದ್ದರೆ ಏನಾಗುತ್ತದೆ ಎಂದು ಕುರುಬರಿಗೆ ವಿವರಿಸಿ ಹೇಳಬೇಕಿಲ್ಲ.

ಕ್ರಿ.ಶ. 100ರಲ್ಲಿ ಟ್ರೇಜನ್ ಚಕ್ರವರ್ತಿ ನಿವೃತ್ತ ಸಿಪಾಯಿಗಳಿಗೆಂದು ತಿಮ್ಗಾದ್ ಕಟ್ಟಿಸಿದ. ಅಲ್ಜೀರಿಯಾದ ಬೆಟ್ಟಸಾಲಿನ ಬುಡದಲ್ಲಿ ಪಟ್ಟಿ ಇಟ್ಟು ಗೆರೆ ಎಳೆದಂಥ ಊರು. ಅದರ ಚೌಕದಲ್ಲಿ ಯಾರೋ ಲ್ಯಾಟಿನ್‌ನಲ್ಲಿ ಗೀಚಿದ್ದಾರೆ: ಬೇಟೆ, ಸ್ನಾನ, ಆಟ, ನಗು, ಇದೇ ಬದುಕು. ಹತ್ತಕ್ಕೂ ಹೆಚ್ಚು ಸ್ನಾನಗೃಹಗಳಿದ್ದ ಊರಿನಲ್ಲಿ ಅದು ನಿಜವೂ ಇರಬಹುದು. ಆ ಒಲೆಗಳಿಗೆ ಸೌದೆ ಹೊತ್ತವರು ಬದುಕು ಯಾವುದೆಂದು ಗೀಚಲಿಲ್ಲ.

ಆದರೆ ಒಮ್ಮೆ ಅಂಥವರೂ ಬರೆದರು. ಟ್ಯುನೀಸಿಯಾದ ಮೆಜೆರ್ದಾ ನದಿಯ ಬಯಲಿನಲ್ಲಿ ಚಕ್ರವರ್ತಿಯ ಸ್ವಂತ ಜಮೀನುಗಳಿದ್ದವು, ಗೇಣಿಗೆ ಒಕ್ಕಲುಗಳು ಉಳುತ್ತಿದ್ದರು. ಅಲ್ಲೇ ಹತ್ತಿರದ ಇನ್ನೊಂದು ಜಮೀನಿನ 116-117ರ ಕಲ್ಲು ಹೇಳುವ ಕರಾರು ಹೀಗೆ: ಗೋಧಿ, ಜವೆ, ವೈನ್, ಎಣ್ಣೆಯಲ್ಲಿ ಮೂರರಲ್ಲೊಂದು ಪಾಲು ಗೇಣಿ, ಜೊತೆಗೆ ವರ್ಷದಲ್ಲಿ ಕೆಲವು ದಿನ ಬಿಟ್ಟಿ ದುಡಿಮೆ. ಹೊಸ ಆಲಿವ್ ಸಸಿ ನೆಟ್ಟವನಿಗೆ ಮೊದಲ ಹತ್ತು ಫಸಲು ಪೂರ್ತಿ ಅವನದೇ. ಕಾಗದದ ಮೇಲೆ, ಅಲ್ಲಲ್ಲ, ಕಲ್ಲಿನ ಮೇಲೆ ಕರಾರು ಕೆಟ್ಟದ್ದೇನಲ್ಲ. ಸುಮಾರು 180ರ ಹೊತ್ತಿಗೆ ಸೂಕ್ ಎಲ್ ಖೆಮಿಸ್ ಬಳಿಯ ಒಕ್ಕಲುಗಳು ಕೊಮೊಡಸ್ ಚಕ್ರವರ್ತಿಗೆ ಅರ್ಜಿ ಬರೆದರು. ಗುತ್ತಿಗೆದಾರ ಅಲ್ಲಿಯಸ್ ಮಾಕ್ಸಿಮಸ್ ಎಂಬವನು ಅಧಿಕಾರಿಗಳ ಜೊತೆ ಕೈಸೇರಿಸಿದ್ದಾನೆ, ಗೇಣಿ ಏರಿಸಿದ್ದಾನೆ, ಬಿಟ್ಟಿ ದಿನ ಹೆಚ್ಚಿಸಿದ್ದಾನೆ. ದೂರು ಕೊಟ್ಟದ್ದಕ್ಕೆ ಸಿಪಾಯಿಗಳು ಬಂದು ನಮ್ಮನ್ನು ಹಿಡಿದು ಕಟ್ಟಿ ಹೊಡೆದರು, ನಮ್ಮಲ್ಲಿ ರೋಮನ್ ಪೌರರಾದವರಿಗೂ ಬೆತ್ತದ ಏಟು ಬಿತ್ತು, ಎಂದು. ಒಂದೇ ಲೀಜನ್ ಸಾಕಾದದ್ದು ಹೀಗೆ. ಗುತ್ತಿಗೆದಾರ ಕರೆದಾಗ ಬರುವಷ್ಟು ಜನ ಇದ್ದರೆ ಆಯಿತು.

ಕೊಮೊಡಸ್ ಒಪ್ಪಿದ. ವರ್ಷಕ್ಕೆ ಆರು ದಿನಕ್ಕಿಂತ ಹೆಚ್ಚು ಬಿಟ್ಟಿ ಬೇಡ ಎಂದ: ಉಳುಮೆಗೆ ಎರಡು, ಕಳೆಗೆ ಎರಡು, ಕೊಯ್ಲಿಗೆ ಎರಡು. ಒಕ್ಕಲುಗಳು ಹಿಗ್ಗಿ ಅದನ್ನು ಕಲ್ಲಲ್ಲಿ ಕೊರೆಸಿದರು. ರೋಮ್ ನ್ಯಾಯ ಕೊಟ್ಟಿತಲ್ಲ ಎಂದು ಪರವಾದಿ ಇದನ್ನು ತನ್ನ ಕಡೆಗೆ ಎಳೆದುಕೊಳ್ಳಬಹುದು. ಆದರೆ ಅವರು ಹೊಸ ಹಕ್ಕು ಕೇಳಿರಲಿಲ್ಲ. ಅಜ್ಜಂದಿರ ಕಾಲದಿಂದ ಇದ್ದ ಕರಾರನ್ನು ಪಾಲಿಸಿ ಎಂದಷ್ಟೇ ಕೇಳಿದ್ದರು. ಅಷ್ಟಕ್ಕೆ ಕಡಲಾಚೆಗೆ ಅರ್ಜಿ ಹೋಗಬೇಕಾಯಿತು. ಪಕ್ಕದ ಊರುಗಳಲ್ಲಿ ಸಭೆ ಇತ್ತು, ಸುಫೆಸ್‌ಗಳ ಮೊಮ್ಮಕ್ಕಳಿದ್ದರು, ರಂಗಮಂದಿರವಿತ್ತು. ಅಲ್ಲಿಗೆ ಹೋಗಿ ಕೇಳಬೇಕೆಂದು ಅವರಿಗೆ ತೋಚಲಿಲ್ಲ.

ಮಕ್ತಾರ್ ಕೂಲಿಯವನ ಕಥೆಗೆ ಬರುತ್ತೇನೆ, ಅದನ್ನು ಓದಿದಾಗ ನನಗೂ ಕಣ್ಣು ತುಂಬುತ್ತದೆ. ಆದರೆ ಹನ್ನೊಂದು ವರ್ಷ ಅವನ ಮುಂದೆ ಬಗ್ಗಿ ಕೊಯ್ದ ಗುಂಪುಗಳು ಎಲ್ಲಿ? ಅವನು ಮೇಲೆ ಬಂದದ್ದು ಅವರ ಕೂಲಿಯ ನಡುವಿನ ಲಾಭದಿಂದಲೇ. ಕಲ್ಲು ಅವನ ಏಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ, ಕೆಳಗೆ ಏಣಿ ಹಿಡಿದವರನ್ನು ತೋರಿಸುವುದಿಲ್ಲ. ಮಗೇರಿಯಸ್‌ನ ಚೀಲಗಳಿಗೂ ಇದೇ ಪ್ರಶ್ನೆ.

ಇನ್ನು ಭಾಷೆ. ಹೆಸರು ಎರಡು ಭಾಷೆಯಲ್ಲಿದೆ ಎಂದು ಹೆಮ್ಮೆಪಟ್ಟ ಲೆಪ್ಟಿಸ್ ಇರುವ ಕರಾವಳಿಯಲ್ಲೇ, ಸಬ್ರಾತಾ ಊರಿನಲ್ಲಿ, 158-159ರಲ್ಲಿ, ಅಪುಲೇಯಸ್ ಎಂಬ ಪಂಡಿತನ ವಿಚಾರಣೆ ನಡೆಯಿತು. ತಾನು ಅರ್ಧ ನುಮಿಡಿಯನ್, ಅರ್ಧ ಗೆಟುಲಿಯನ್ (ಎರಡೂ ಆಫ್ರಿಕಾದ ಮೂಲ ಜನಾಂಗಗಳು) ಎಂದು ನಾಚಿಕೆಯಿಲ್ಲದೆ ಹೇಳಿಕೊಂಡ ಅದೇ ಮನುಷ್ಯ, ತನ್ನ ಮಲಮಗನನ್ನು ಹಳಿಯಲು ಆರಿಸಿಕೊಂಡ ಮಾತೇನು? ಇವನಿಗೆ ಪ್ಯೂನಿಕ್ ಬಿಟ್ಟರೆ ತಾಯಿಯಿಂದ ಬಂದ ಚೂರುಪಾರು ಗ್ರೀಕ್ ಅಷ್ಟೆ, ಲ್ಯಾಟಿನ್ ಬಾಯಿಗೆ ಬರುವುದಿಲ್ಲ! ನ್ಯಾಯಾಲಯದಲ್ಲಿ ಹುಡುಗನ ಮಾನ ತೆಗೆಯಲು ಮನೆಮಾತೇ ಸಾಕಾಯಿತು. ಕೆಲವೇ ತಲೆಮಾರುಗಳಲ್ಲಿ ಪ್ಯೂನಿಕ್ ಕಲ್ಲಿನಿಂದ ಇಳಿದು ಅಡುಗೆಮನೆ ಸೇರಿತ್ತು, ಹೊಲ ಸೇರಿತ್ತು.

ಹೊಲದಲ್ಲಿ ಅದು ಬಹುಕಾಲ ಬದುಕಿತು. ಕಾರ್ತೇಜ್ ಸುಟ್ಟು ಐನೂರಕ್ಕೂ ಹೆಚ್ಚು ವರ್ಷವಾದ ಮೇಲೆ, ಹಿಪ್ಪೋ ನಗರದ ಬಿಷಪ್ ಅಗಸ್ಟಿನ್, ಹಳ್ಳಿಗರನ್ನು ನೀವು ಯಾರೆಂದು ಕೇಳಿದರೆ ಪ್ಯೂನಿಕ್‌ನಲ್ಲಿ "ಚನಾನಿ" ಎನ್ನುತ್ತಾರೆ ಎಂದು ಬರೆದ. ಚನಾನಿ ಎಂದರೆ ಕಾನಾನಿನವರು, ಕಾರ್ತೇಜ್‌ನವರ ಪೂರ್ವಿಕರು ಬಂದ ಪೂರ್ವದ ಕಡಲತೀರದ ನಾಡಿನವರು. ರೋಮನ್ನರು ಎಂದಲ್ಲ. 212ರಲ್ಲಿ ಸೆವೆರಸ್‌ನ ಮಗ ಕಾರಕಲ್ಲಾ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರರಿಗೂ ಪೌರತ್ವ ಕೊಟ್ಟು ಆಗಲೇ ಇನ್ನೂರು ವರ್ಷ ಸಮೀಪಿಸಿತ್ತು.

ಹಿಪ್ಪೋದಿಂದ 40 ಮೈಲಿ ದೂರದ ಫುಸ್ಸಾಲಾ ಎಂಬಲ್ಲಿ ಹಳ್ಳಿಗರಿಗೆ ಒಬ್ಬ ಬಿಷಪ್ ಬೇಕಾದ. ಲ್ಯಾಟಿನ್‌ನಲ್ಲಿ ಉಪದೇಶ ಮಾಡಿದರೆ ಕೇಳುವವರಿಲ್ಲ, ಪ್ಯೂನಿಕ್ ಬಲ್ಲವನೇ ಆಗಬೇಕು. ಅಗಸ್ಟಿನ್ ಅಂತೋನಿನಸ್ ಎಂಬ ಯುವಕನನ್ನು ಕಳಿಸಿದ. ಅವನು ಅವರ ಮಾತನ್ನೇ ಆಡಿದ, ಅವರದೇ ದುಡ್ಡು, ದನ, ಬೆಳೆ, ಮರ, ಕಲ್ಲು ಬಾಚಿಕೊಂಡ. ಹಳ್ಳಿಗರು ಅವನ ಮೇಲೂ ದೂರು ಕೊಟ್ಟರು, ಪ್ಯೂನಿಕ್‌ನಲ್ಲೇ.