ಜಾಡಿಯ ಹಿಂದೆ ಜೆರ್ರಿ

ನಮ್ಮ ಮನೆಯ ಇಲಿ ಬೋನಿಗೆ ಬೀಳುವ ಪೈಕಿ ಅಲ್ಲ. ಸುಟ್ಟ ಕೊಬ್ಬರಿ ಇಟ್ಟೆ, ಮೂಸಲೂ ಇಲ್ಲ. ಬಜ್ಜಿ ಇಟ್ಟೆ. ನೀಟಾಗಿ ಬಜ್ಜಿ ಮಾತ್ರ ತಿಂದು ಹೋಯಿತು. ಕೊನೆಗೆ ಪೊರಕೆ ಹಿಡಿದು ನಾನೇ ಅಡುಗೆಮನೆಗೆ ಇಳಿದೆ. ಮೊದಲ ಏಟಿಗೇ ಎರಡು ಗಾಜಿನ ಲೋಟ ಚೂರಾದವು. ಇಲಿ ಕ್ಷೇಮ.

"ಇನ್ನೊಂದು ಸಾಮಾನು ಒಡೆದ್ರೆ ಇಲಿ ಅಲ್ಲ, ನೀವು ಮನೆಯಿಂದಾಚೆ," ಅಂದಳು ಹೆಂಡತಿ.

ಈ ಮಾತು ಎಲ್ಲೋ ಕೇಳಿದ್ದೀನಲ್ಲ ಅನಿಸಿತು. ರಾತ್ರಿ ಮಗಳ ಜೊತೆ ಕೂತು ಹುಡುಕಿದರೆ ಸಿಕ್ಕೇಬಿಟ್ಟಿತು: 1940ರಲ್ಲಿ ಹಾಲಿವುಡ್‌ನ ಎಂಜಿಎಂ ಸ್ಟುಡಿಯೊ ತೆರೆಗೆ ತಂದ 'ಪುಸ್ ಗೆಟ್ಸ್ ದ ಬೂಟ್'. ಟಾಮ್ ಅಂಡ್ ಜೆರ್ರಿಯ ಮೊಟ್ಟಮೊದಲ ಚಿತ್ರ. ಆಗಿನ್ನೂ ಟಾಮ್‌ಗೆ ಆ ಹೆಸರು ಬಂದಿರಲಿಲ್ಲ, ಜಾಸ್ಪರ್ ಅಂತ ಕರೆಯುತ್ತಾರೆ. ಟಾಮ್ ಅಂಡ್ ಜೆರ್ರಿಯನ್ನು ಹುಟ್ಟುಹಾಕಿದ ಹನ್ನಾ, ಬಾರ್ಬೆರಾ ಜೋಡಿ ದುಡಿದ ಚಿತ್ರ, ಆದರೆ ತೆರೆಯ ಮೇಲೆ ಅವರ ಹೆಸರೇ ಇಲ್ಲ. ಮನೆಯಲ್ಲಿ ಅಡುಗೆ ಮಾಡಿದ ದಿನ ನನಗೂ ಹೀಗೇ ಆಗುತ್ತೆ, ಇರಲಿ.

ಇಲಿಯ ಹಿಂದೆ ಓಡಿ ಜಾಸ್ಪರ್ ಹೂಕುಂಡ ಒಡೆಯುತ್ತಾನೆ. ಇನ್ನೊಂದು ಒಡೆದರೆ ನೀನು ಹೊರಗೆ ಅಂತ ಮನೆಗೆಲಸದಾಕೆ ಗದರುತ್ತಾಳೆ. ಇಲಿಗೆ ಅಷ್ಟು ಸಾಕು. ಮೇಜಿನ ಅಂಚಿಗೆ ಗಾಜಿನ ಲೋಟ ತಂದು, ಬೀಳಿಸಲಾ ಅನ್ನೋ ಹಾಗೆ ನಿಲ್ಲುತ್ತೆ. ಅದಕ್ಕೆ ಬೆಕ್ಕಿನ ಭಯ ಹೋಯಿತು, ಯಾಕಂದ್ರೆ ಬೆಕ್ಕಿಗೆ ಯಾರ ಭಯ ಅಂತ ಗೊತ್ತಾಯಿತು. ಪಾಪ, ಜಾಸ್ಪರ್ ನೆಲಕ್ಕೆಲ್ಲ ದಿಂಬು ಹಾಸುತ್ತಾನೆ. ತಟ್ಟೆಗಳ ರಾಶಿ ಹೊತ್ತು ಉಸಿರು ಬಿಗಿಹಿಡಿದು ನಿಲ್ಲುತ್ತಾನೆ. ಕೊನೆಗೆ ಏನಾಯಿತು ಅಂತ ಹೇಳಬೇಕಾ? ಬೆಕ್ಕು ಬೀದಿಗೆ.

ಮಗಳು ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ.

ಮರುದಿನ ನೋಡಿದರೆ ಇಲಿ ಅತ್ತೆ ಕೊಟ್ಟ ಮಿಡಿ ಉಪ್ಪಿನಕಾಯಿ ಜಾಡಿಯ ಹಿಂದೆ! ಇಷ್ಟು ಜಾಗ ಇದ್ದು ಅಲ್ಲೇ ಯಾಕೆ ಕೂತಿತು? ನನಗಂತೂ ಅನುಮಾನ, ಅದೂ ರಾತ್ರಿ ಟಿವಿ ನೋಡಿದೆ. ಎತ್ತಿದ ಪೊರಕೆ ಇಳಿಸಿದೆ. ಮಂಚದ ಮೇಲಿನ ನಾಲ್ಕೂ ದಿಂಬು ತಂದು ಕೆಳಗೆ ಹಾಸಿದೆ. ಮೆಲ್ಲಗೆ ಕೈ ಚಾಚಿದೆ. ಇಲಿ ನೆಗೆಯಿತು, ಜಾಡಿ ವಾಲಿತು, ಓಡಿ ತಬ್ಬಿಕೊಂಡೆ. ಜಾಡಿ ಉಳಿಯಿತು! ಆದರೆ ಮೊಣಕೈ ಎಣ್ಣೆ ಕ್ಯಾನಿಗೆ ತಗಲಿ ಅಷ್ಟೂ ಎಣ್ಣೆ ದಿಂಬಿನ ಪಾಲಾಯಿತು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಒಡೆದಿಲ್ಲ ಕಣೇ, ಚೆಲ್ಲಿದ್ದು ಅಷ್ಟೇ," ಅಂದೆ.

ಇದನ್ನು ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಇಲಿಯ ಬೋನಿಗೆ ಬಿಸಿ ಬಜ್ಜಿ ಇಟ್ಟಿದ್ದಾಳೆ. ನನಗಿನ್ನೂ ಕೊಟ್ಟಿಲ್ಲ.