ಡಲ್ಸಿಮರ್‌ನಲ್ಲಿ ಒಂದೇ ಸ್ಕೇಲ್ ಬರುತ್ತೆ ಅನ್ನೋದು ನಿಜಾನಾ?

ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಡಲ್ಸಿಮರ್ ಅನ್ನೋ ತಂತಿವಾದ್ಯದ ಬಗ್ಗೆ ಒಂದು ಫಾರ್ವರ್ಡ್ ಓಡಾಡ್ತಾ ಇದೆ, ಆ ವಾದ್ಯದಲ್ಲಿ ಕೆಲವು ಫ್ರೆಟ್‌ಗಳೇ (ವೀಣೆಯ ಮೆಟ್ಟಿಲುಗಳಂಥವು) ಇಲ್ಲ, ಹಾಗಾಗಿ ಮೇಜರ್ ಸ್ಕೇಲ್ ಅಂದ್ರೆ ನಮ್ಮ ಶಂಕರಾಭರಣ ಮಾತ್ರ ಬರೋದು ಅಂತ. ಮೊದಲ ಅರ್ಧ ಸರಿ, ಎರಡನೇದು ತಪ್ಪು.

ಫ್ರೆಟ್‌ಗಳು ಜಾಗ ಬಿಟ್ಟು ಕದಲಲ್ಲ, ಆದ್ರೆ ಷಡ್ಜ ಎಲ್ಲಿ ಅಂತ ನಾವು ಇಟ್ಕೊಳ್ತೀವೋ ಅದರ ಮೇಲೆ ಮೋಡ್, ಅಂದ್ರೆ ಸ್ವರಗಳ ಜೋಡಣೆ, ಬದಲಾಗುತ್ತೆ. ಖಾಲಿ ತಂತಿಯೇ ಷಡ್ಜ ಆದ್ರೆ ಮಿಕ್ಸೊಲಿಡಿಯನ್, ಅಂದ್ರೆ ಹರಿಕಾಂಭೋಜಿ ಸ್ವರಗಳು. 3ನೇ ಫ್ರೆಟ್‌ನಿಂದ ಶುರು ಮಾಡಿದ್ರೆ ಶಂಕರಾಭರಣ, 1ರಿಂದ ನಠಭೈರವಿ, 4ರಿಂದ ಖರಹರಪ್ರಿಯ. ಸಂಗೀತ ಕಲಿತವರಿಗೆ ಇದು ಥಟ್ ಅಂತ ಹೊಳೆಯುತ್ತೆ, ನಮ್ಮ ಗ್ರಹಭೇದವೇ ಇದು! ಗಮಕ ಇಲ್ಲ, ಹಾಗಾಗಿ ರಾಗ ಅನ್ನೋಕಾಗಲ್ಲ, ಸ್ವರಗಳ ಲೆಕ್ಕ ಅಷ್ಟೇ ಒಂದೇ.

ಆದ್ರೆ ಪಕ್ಕದ ಡ್ರೋನ್ ತಂತಿಗಳು ತಂಬೂರಿ ಥರ ಡಿ, ಎ ಅನ್ನೋ ಸ್ವರಗಳಲ್ಲೇ ನಿಂತಿರುತ್ತಲ್ಲ, ಷಡ್ಜ ಆ ಡಿಗೆ ಹೊಂದಬೇಕು, ಅದಕ್ಕೇ ನುಡಿಸೋರು ರಾಗ ನುಡಿಸೋ ಮೆಲೊಡಿ ತಂತಿಯ ಶ್ರುತಿ ಬದಲಾಯಿಸ್ತಾರೆ, ಎ ಇಟ್ರೆ 3ನೇ ಫ್ರೆಟ್‌ನಲ್ಲಿ ಡಿ ಸಿಗುತ್ತೆ, ಸಿ ಇಟ್ರೆ 1ನೇದ್ರಲ್ಲಿ, ಜಿ ಇಟ್ರೆ 4ನೇದ್ರಲ್ಲಿ. ಈಗಿನ ವಾದ್ಯಗಳಲ್ಲಿ 6 ಮತ್ತು 7ರ ನಡುವೆ ಆರೂವರೆ ಅಂತ ಇನ್ನೊಂದು ಫ್ರೆಟ್ ಇರೋದ್ರಿಂದ ಶ್ರುತಿ ಮುಟ್ಟದೇನೂ ಎರಡು ಮೋಡ್ ಸಿಗುತ್ತೆ.